ಮಾರಿದ್ದು ನೂರು, ಕೈಸೇರಿದ್ದು ಅರುವತ್ತೈದು

ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸರಕು ಮಾರುವ ಓದುಗರ ಪತ್ರಗಳಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಹೇಳಿದ್ದಕ್ಕಿಂತ ಹೆಚ್ಚು ಹಣ ಮುರಿದುಕೊಳ್ಳುತ್ತಾರೆ ಎಂಬುದು ಒಂದು. ಉಳಿದ ಹಣವನ್ನೂ ಹೊತ್ತಿಗೆ ಸರಿಯಾಗಿ ಕೊಡುವುದಿಲ್ಲ ಎಂಬುದು ಇನ್ನೊಂದು. ತಡವಾಗಿ ಬರುವ ಹಣಕ್ಕೂ ಒಂದು ಬೆಲೆಯಿದೆ ಮತ್ತು ಆ ಬೆಲೆಯನ್ನು ತೆರುವವನು ಮಾರಾಟಗಾರನೇ ಆದ್ದರಿಂದ, ಇವೆರಡನ್ನೂ ಒಂದೇ ಲೆಕ್ಕವೆಂದು ತಿಳಿದು ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಕೈಯಿಂದ ಹೊಲಿದ ಚೀಲಗಳನ್ನು ಒಂದು ದೊಡ್ಡ ಮಾರಾಟ ತಾಣದಲ್ಲಿ ಮಾರುತ್ತೇನೆ. ಸೇರುವಾಗ ಕಮಿಷನ್ ಶೇಕಡಾ 15 ಎಂದು ತಿಳಿಸಿದ್ದರು. ಆರು ತಿಂಗಳ ಲೆಕ್ಕ ತೆಗೆದು ನೋಡಿದಾಗ, ಮಾರಿದ ಪ್ರತಿ ನೂರಕ್ಕೆ ನನ್ನ ಖಾತೆಗೆ ಬಂದದ್ದು 65ಕ್ಕಿಂತ ಕಡಿಮೆ. ನನಗೆ ಮೋಸವಾಗಿದೆಯೇ, ಅಥವಾ ನನ್ನ ಲೆಕ್ಕವೇ ತಪ್ಪಿದೆಯೇ?

ಉತ್ತರ: ಬಹುಶಃ ಎರಡೂ ಅಲ್ಲ. ಕಮಿಷನ್ ಎಂಬುದು ತಾಣ ಮುರಿದುಕೊಳ್ಳುವ ಹಲವು ಮೊತ್ತಗಳಲ್ಲಿ ಒಂದು ಮಾತ್ರ. ಸೇರುವ ಮುನ್ನ ಎದ್ದು ಕಾಣುವ ಅಂಕಿ ಅದೊಂದೇ ಆಗಿರುವುದರಿಂದ ಅದೇ ಒಟ್ಟು ಖರ್ಚೆಂದು ಭಾವಿಸುವುದು ಸಹಜ. ಅದರ ಜೊತೆಗೆ ಪ್ರತಿ ಆರ್ಡರಿಗೆ ಒಂದು ನಿಗದಿತ ಶುಲ್ಕ, ಹಣ ಸ್ವೀಕರಿಸಿದ್ದಕ್ಕೆ ಪಾವತಿ ಶುಲ್ಕ, ತೂಕ ಮತ್ತು ದೂರಕ್ಕೆ ತಕ್ಕಂತೆ ಸಾಗಣೆ, ಸರಕನ್ನು ಅವರ ಗೋದಾಮಿನಲ್ಲಿ ಇಟ್ಟಿದ್ದರೆ ಅದರ ಬಾಡಿಗೆ, ಹುಡುಕಾಟದ ಪುಟದಲ್ಲಿ ಮೇಲೆ ಕಾಣಿಸಿಕೊಳ್ಳಲು ಜಾಹೀರಾತು, ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿ ಕಡಿತವಾಗುತ್ತವೆ. ಹಲವೆಡೆ ಈ ಶುಲ್ಕಗಳ ಮೇಲೆ ತೆರಿಗೆಯೂ ಬೀಳುತ್ತದೆ.

ನಿಮ್ಮ ಚೀಲದ ಬೆಲೆ 1,000 ಎಂದು ಇಟ್ಟುಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕ ತಿಳಿಸಲು ನಾನು ಇಟ್ಟುಕೊಂಡವು. ನಿಮ್ಮವನ್ನು ಅಲ್ಲಿ ಕೂರಿಸಿ ನೋಡಿ. ಕಮಿಷನ್ 150, ನಿಗದಿತ ಶುಲ್ಕ ಮತ್ತು ಪಾವತಿ ಶುಲ್ಕ ಸೇರಿ 30, ಸಾಗಣೆ 110, ಒಂದು ಮಾರಾಟಕ್ಕೆ ತಗಲಿದ ಜಾಹೀರಾತು ಖರ್ಚು 60. ಒಟ್ಟು 350 ಹೋಯಿತು, 650 ಉಳಿಯಿತು. ಇನ್ನು ಹತ್ತು ಚೀಲಗಳಲ್ಲಿ ಒಂದು ಹಿಂತಿರುಗಿ ಬಂತೆನ್ನಿ. ಆ ಒಂದಕ್ಕೆ ಹೋಗುವ ಸಾಗಣೆ 110, ಬರುವ ಸಾಗಣೆ 110, ಜಾಹೀರಾತಿನ 60 ಹೇಗೂ ಖರ್ಚಾಗಿರುತ್ತದೆ. ಕಮಿಷನ್ನಿನಲ್ಲಿಯೂ ಒಂದು ಪಾಲು ತಾಣದಲ್ಲಿಯೇ ಉಳಿಯಬಹುದು. ಅಮೆರಿಕದ ಅಮೆಜಾನ್‌ನಲ್ಲಿ, ಗ್ರಾಹಕರಿಗೆ ಹಣ ಮರಳಿಸಿದಾಗ ಕಮಿಷನ್ನಿನ ಶೇಕಡಾ 20 ಅಥವಾ 5 ಡಾಲರ್, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ನಿರ್ವಹಣೆಯ ಹೆಸರಿನಲ್ಲಿ ಇಟ್ಟುಕೊಳ್ಳುವ ನಿಯಮವಿದೆ. ನಮ್ಮ ಉದಾಹರಣೆಯಲ್ಲಿ ಆ ಶೇಕಡಾ 20 ಎಂದರೆ 30. ಅಲ್ಲಿಗೆ ಹಿಂತಿರುಗಿದ ಒಂದು ಚೀಲದಿಂದ ಆದ ನಷ್ಟ 310. ಮಾರಾಟವಾಗಿ ಉಳಿದ ಒಂಬತ್ತರಿಂದ ಬಂದ 5,850ರಲ್ಲಿ ಇದನ್ನು ಕಳೆದರೆ 5,540. ಒಂದೊಂದು ಚೀಲಕ್ಕೆ ಸುಮಾರು 615. ನೂರಕ್ಕೆ 65 ಕೂಡ ಬರಲಿಲ್ಲವೆಂದು ನೀವು ಬರೆದಿರುವುದಕ್ಕೆ ಇದೇ ಕಾರಣವಿರಬಹುದು. ಹಿಂತಿರುಗಿ ಬಂದ ಚೀಲ ಕೊಳೆಯಾಗಿದ್ದರೆ ಅಥವಾ ಹರಿದಿದ್ದರೆ ಅದರ ಅಸಲೂ ಹೋದಂತೆ. ಅದನ್ನು ನಾನು ಇನ್ನೂ ಸೇರಿಸಿಲ್ಲ.

ಎರಡು ಕಡೆ ವಿಶೇಷವಾಗಿ ಗಮನ ಕೊಡಿ. ಮೊದಲನೆಯದು, ಶೇಕಡಾವಾರು ಶುಲ್ಕವನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೆ ಎಂಬುದು. ಎಟ್ಸಿ ತಾಣ 2022ರ ಏಪ್ರಿಲ್‌ನಲ್ಲಿ ತನ್ನ ವಹಿವಾಟು ಶುಲ್ಕವನ್ನು ಶೇಕಡಾ 5ರಿಂದ 6.5ಕ್ಕೆ ಏರಿಸಿದಾಗ ಅನೇಕ ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಆ ಶುಲ್ಕ ವಸ್ತುವಿನ ಬೆಲೆಗೆ ಮಾತ್ರವಲ್ಲದೆ, ಗ್ರಾಹಕರಿಂದ ಪಡೆದ ಸಾಗಣೆ ವೆಚ್ಚಕ್ಕೂ ಅನ್ವಯಿಸುತ್ತದೆ. ಎರಡನೆಯದು, ಸಾಗಣೆಯಲ್ಲಿ ತೂಗುವ ರೀತಿ. ಪಾರ್ಸೆಲ್ಲಿನ ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಕಟ್ಟುವುದು ವಾಡಿಕೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ. ಅನೇಕ ಕೊರಿಯರ್ ಸಂಸ್ಥೆಗಳು ಬಳಸುವ ಸೂತ್ರ ಇದು. 40, 30, 20 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿ ಒಂದು ಕಿಲೋ ಚೀಲ ಇಟ್ಟು ಕಳುಹಿಸಿದರೆ ನೀವು ಹಣ ತೆರುವುದು 4.8 ಕಿಲೋಗೆ. ಬಟ್ಟೆಯ ಚೀಲವನ್ನು ಮಡಿಚಿ ತೆಳುವಾದ ಕವರಿನಲ್ಲಿ ಕಳುಹಿಸಬಹುದಾದರೆ, ಯಾರೊಂದಿಗೂ ವಾದ ಮಾಡದೆ ಉಳಿಸಿಕೊಳ್ಳಬಹುದಾದ ಹಣ ಇದು.

ಮೋಸವೇ ಆಗಿಲ್ಲ ಎಂದು ನಾನು ಹೇಳಲಾರೆ. ಕಡಿತದ ಸಾಲುಗಳು ಇಷ್ಟು ಹೆಚ್ಚಾದಾಗ ತಪ್ಪುಗಳೂ ನುಸುಳುತ್ತವೆ: ಅಳತೆ ತಪ್ಪಾಗಿ ದಾಖಲಾಗಿರುತ್ತದೆ, ವಸ್ತುವನ್ನು ಹೆಚ್ಚಿನ ಕಮಿಷನ್ನಿನ ವರ್ಗಕ್ಕೆ ಸೇರಿಸಿರುತ್ತಾರೆ, ಹಿಂತಿರುಗಿತೆಂದು ಬರೆದ ಚೀಲ ನಿಮ್ಮ ಕೈಗೆ ಬಂದೇ ಇರುವುದಿಲ್ಲ. ತಿಂಗಳಿಗೊಮ್ಮೆ ಸೆಟಲ್‌ಮೆಂಟ್ ಪಟ್ಟಿಯನ್ನು, ಅಂದರೆ ಮಾರಾಟ, ಕಡಿತ ಮತ್ತು ಪಾವತಿಗಳ ಲೆಕ್ಕವಿರುವ ಪಟ್ಟಿಯನ್ನು, ಇಳಿಸಿಕೊಂಡು, ಆರ್ಡರ್ ಸಂಖ್ಯೆಯನ್ನು ಹಿಡಿದು ಒಂದೊಂದನ್ನೂ ನಿಮ್ಮ ಪುಸ್ತಕದೊಂದಿಗೆ ತಾಳೆ ನೋಡಿ. ತಾಣದವರು ತೋರಿಸುವ ಒಟ್ಟು ಮಾರಾಟದ ದೊಡ್ಡ ಅಂಕಿಯಿಂದ ಇವು ಯಾವುವೂ ತಿಳಿಯುವುದಿಲ್ಲ. ತೂಕದ ತಕರಾರಿಗೆ ಕೆಲವೇ ದಿನಗಳ ಗಡುವು ಇರುವುದುಂಟು. ಆರು ತಿಂಗಳಿಗೊಮ್ಮೆ ನೋಡುವವರಿಗೆ ಆ ಹಣ ಸಿಗುವುದಿಲ್ಲ.

ಕೆಲವು ದೇಶಗಳಲ್ಲಿ ತಾಣವೇ ತೆರಿಗೆಯ ಒಂದಂಶವನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಅದು ಶುಲ್ಕವಲ್ಲ, ಸಾಮಾನ್ಯವಾಗಿ ನಿಮ್ಮ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದ ಮೊತ್ತ. ಅದನ್ನು ಖರ್ಚಿನ ಕಲಮಿಗೆ ಬರೆದುಕೊಂಡು ಕೈಬಿಡಬೇಡಿ.

ಪ್ರಶ್ನೆ: ಗ್ರಾಹಕರು ಆರ್ಡರ್ ಮಾಡುವಾಗಲೇ ಪೂರ್ತಿ ಹಣ ಕಟ್ಟುತ್ತಾರೆ. ಹೀಗಿರುವಾಗ ನಮಗೆ ಮೂರು ನಾಲ್ಕು ವಾರ ಹಣ ಕೊಡದೆ ಇಟ್ಟುಕೊಳ್ಳುವುದು ಯಾವ ನ್ಯಾಯ? ಮಾರಾಟ ಚೆನ್ನಾಗಿದ್ದರೂ ಕಚ್ಚಾ ಸಾಮಗ್ರಿ ತರಲು ಸಾಲ ಮಾಡುತ್ತಿದ್ದೇನೆ.

ಉತ್ತರ: ತಡೆಹಿಡಿಯುವುದರ ಮೂಲದಲ್ಲಿ ಒಂದು ನ್ಯಾಯವಿದೆ. ಮುಖ ನೋಡದ ಇಬ್ಬರ ನಡುವೆ ವ್ಯಾಪಾರ ನಡೆಯಬೇಕಾದರೆ ಯಾರಾದರೂ ಒಬ್ಬರು ನಡುವೆ ನಿಲ್ಲಬೇಕು. ಚೀನಾದ ಟಾವೊಬಾವೊ ತಾಣ 2003ರಲ್ಲಿ ಆರಂಭವಾದಾಗ ಕೊಳ್ಳುವವರಿಗೂ ಮಾರುವವರಿಗೂ ಪರಸ್ಪರ ನಂಬಿಕೆ ಇರಲಿಲ್ಲ. ಕೊಂಡವರ ಹಣವನ್ನು ತಾನು ಹಿಡಿದಿಟ್ಟು, ವಸ್ತು ಕೈಸೇರಿತೆಂದು ಅವರು ಒಪ್ಪಿದ ಮೇಲೆ ಮಾರಿದವರಿಗೆ ಕೊಡುವ ಅಲಿಪೇ ವ್ಯವಸ್ಥೆ ಹುಟ್ಟಿದ್ದು ಆ ಕೊರತೆಯನ್ನು ತುಂಬಲು. ಕಾರ್ಡಿನಲ್ಲಿ ಕಟ್ಟಿದ ಹಣದ ಬಗ್ಗೆ ಗ್ರಾಹಕರು ಬ್ಯಾಂಕಿಗೆ ದೂರು ಕೊಟ್ಟು ಮರಳಿ ಪಡೆಯಲು ಅನೇಕ ಸಂದರ್ಭಗಳಲ್ಲಿ 120 ದಿನಗಳವರೆಗೆ ಅವಕಾಶವಿರುತ್ತದೆ. ಅಷ್ಟರೊಳಗೆ ಮಾರಾಟಗಾರ ಕಾಣೆಯಾದರೆ ಆ ಹಣ ತಾಣದ ಮೇಲೆ ಬೀಳುತ್ತದೆ. ಆದ್ದರಿಂದ ವಸ್ತು ತಲುಪುವವರೆಗೆ, ಮತ್ತು ರಿಟರ್ನ್ ಅವಧಿಯ ಒಂದಷ್ಟು ದಿನ, ಹಣ ತಡೆದಿಡುವುದನ್ನು ನಾನು ತಪ್ಪೆನ್ನುವುದಿಲ್ಲ.

ಆದರೆ ಆ ದಿನಗಳ ಮೇಲೆ ಬೇರೆ ದಿನಗಳು ಪೇರಿಕೊಳ್ಳುತ್ತವೆ. ವಿತರಣೆಯಾದ 7 ದಿನಗಳವರೆಗೆ ಹಣ ಹಿಡಿದಿಟ್ಟು, 14 ದಿನಗಳಿಗೊಮ್ಮೆ ಲೆಕ್ಕ ಮುಗಿಸುವ ಕ್ರಮವನ್ನು ತೆಗೆದುಕೊಳ್ಳಿ. ಅಮೆಜಾನ್‌ನ ಅನೇಕ ಮಾರಾಟಗಾರರಿಗೆ ಪರಿಚಿತವಾದ ಕ್ರಮ ಇದು. ಮೊದಲ ದಿನ ಆರ್ಡರ್ ಬಂತು, ಎರಡನೆಯ ದಿನ ಕಳುಹಿಸಿದಿರಿ, ಆರನೆಯ ದಿನ ತಲುಪಿತು. ಹಣ ಬಿಡುಗಡೆಗೆ ಅರ್ಹವಾಗುವುದು ಹದಿಮೂರನೆಯ ದಿನ. ಲೆಕ್ಕ ಮುಗಿಸುವ ದಿನ ನಿನ್ನೆಯೇ, ಅಂದರೆ ಹನ್ನೆರಡನೆಯ ದಿನವೇ, ಕಳೆದುಹೋಗಿದ್ದರೆ ಮುಂದಿನ ಸರದಿ ಇಪ್ಪತ್ತಾರನೆಯ ದಿನ. ಬ್ಯಾಂಕಿನ ಮೂರು ನಾಲ್ಕು ದಿನ ಸೇರಿಸಿದರೆ ತಿಂಗಳಾಯಿತು. ಇದರಲ್ಲಿ ಗ್ರಾಹಕರ ರಕ್ಷಣೆಗೆ ಬೇಕಾದದ್ದು ಹದಿಮೂರು ದಿನ ಮಾತ್ರ. ಉಳಿದದ್ದು ತಾಣದ ಮತ್ತು ಬ್ಯಾಂಕಿನ ಅನುಕೂಲದ ದಿನಗಳು. ಆ ದಿನಗಳಲ್ಲಿ ಮಾರಾಟಗಾರರು ತಾಣಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾರಾಟ ಚೆನ್ನಾಗಿದ್ದರೂ ಸಾಲ ಮಾಡಬೇಕಾಗಿದೆ ಎಂದಿದ್ದೀರಿ. ನನ್ನ ಎಣಿಕೆಯಲ್ಲಿ ಮಾರಾಟ ಚೆನ್ನಾಗಿರುವುದರಿಂದಲೇ ಸಾಲವಾಗುತ್ತಿದೆ. ಒಂದು ವಸ್ತುವಿನ ಅಸಲು 400 ಇದ್ದು ದಿನಕ್ಕೆ ಹತ್ತು ಮಾರಿದರೆ, ಹಣ ಬರುವ 30 ದಿನಗಳಲ್ಲಿ ನಿಮ್ಮ 1,20,000 ಹೊರಗೆ ಸಿಕ್ಕಿಕೊಂಡಿರುತ್ತದೆ. ಮಾರಾಟ ಇಪ್ಪತ್ತಕ್ಕೆ ಏರಿತೆನ್ನಿ: ಲಾಭ ಕೈಗೆ ಬರುವುದಕ್ಕೆ ಮುಂಚೆಯೇ ಇನ್ನೊಂದು 1,20,000 ಹಾಕಬೇಕು. ಬೆಳೆಯುತ್ತಿರುವ ಸಣ್ಣ ವ್ಯಾಪಾರಗಳು ಲಾಭದಲ್ಲಿದ್ದೂ ನಿಂತುಹೋಗುವುದು ಈ ಸುಳಿಯಲ್ಲಿ. ಹೊಸ ಸರಕು ಪಟ್ಟಿಗೆ ಸೇರಿಸುವ ಮೊದಲು, ರಿಯಾಯಿತಿ ಮಾರಾಟದಲ್ಲಿ ಪಾಲ್ಗೊಳ್ಳುವ ಮೊದಲು, ನಿಮ್ಮ ದಿನಗಳನ್ನು ಎಣಿಸಿ ಈ ಗುಣಾಕಾರವನ್ನು ಮಾಡಿಕೊಳ್ಳಿ. ದಿನವನ್ನು ಕಡಿಮೆ ಮಾಡುವ ದಾರಿಗಳು ನಿಮ್ಮ ಕೈಯಲ್ಲಿ ಕೆಲವೇ ಇವೆ: ಆರ್ಡರ್ ಬಂದ ದಿನವೇ ಕಳುಹಿಸುವುದು, ತಲುಪಿದ್ದು ದಾಖಲಾಗುವಂತಹ ಸಾಗಣೆಯನ್ನೇ ಬಳಸುವುದು, ವಾರಕ್ಕೊಮ್ಮೆ ಅಥವಾ ಕೇಳಿದಾಗ ಹಣ ಪಡೆಯುವ ಆಯ್ಕೆ ಖಾತೆಯಲ್ಲಿದ್ದರೆ ಅದನ್ನು ಆರಿಸಿಕೊಳ್ಳುವುದು. ಆ ಆಯ್ಕೆ ಹಲವರ ಖಾತೆಯಲ್ಲಿ ಇದ್ದರೂ ಅವರ ಗಮನಕ್ಕೆ ಬಂದಿರುವುದಿಲ್ಲ. ಇದರ ಜೊತೆಗೆ, ಸಾಮಗ್ರಿ ಕೊಡುವ ವರ್ತಕರಿಂದ ಹದಿನೈದು ದಿನದ ಉದ್ದರಿ ಪಡೆಯಲು ಸಾಧ್ಯವಾದರೆ ಸಿಕ್ಕಿಕೊಂಡ ಹಣ ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ಹಣ ಬೇಗ ಬೇಕಿದ್ದರೆ ಶೇಕಡಾ 2 ಕೊಟ್ಟು ಎರಡು ವಾರ ಮೊದಲೇ ಪಡೆಯಬಹುದು ಎಂಬ ಸೌಲಭ್ಯವಿದೆ. ಎರಡೇ ಅಲ್ಲವೇ ಎಂದು ಪ್ರತಿ ಸಲವೂ ತೆಗೆದುಕೊಳ್ಳುತ್ತಿದ್ದೇನೆ. ಸರಿಯೇ?

ಉತ್ತರ: ಎರಡು ವಾರಕ್ಕೆ ಶೇಕಡಾ 2 ಎಂದರೆ, ವರ್ಷದಲ್ಲಿ ಅಂಥ 26 ಅವಧಿಗಳಿರುವುದರಿಂದ, ಚಕ್ರಬಡ್ಡಿ ಸೇರಿಸದೆಯೂ ವರ್ಷಕ್ಕೆ ಶೇಕಡಾ 52ರ ಬಡ್ಡಿ. ತುರ್ತಿಗೆ ಒಮ್ಮೆ ಬಳಸಿದರೆ ತಪ್ಪಿಲ್ಲ. ರೂಢಿಯಾದರೆ, ನಿಮ್ಮದೇ ಹಣಕ್ಕೆ ನೀವು ಯಾವ ಬ್ಯಾಂಕೂ ಕೇಳದ ಬಡ್ಡಿ ಕಟ್ಟುತ್ತೀರಿ. ನಿಮ್ಮ ಲಾಭ ನೂರಕ್ಕೆ ಎಂಟು ಇದ್ದರೆ ಅದರ ಕಾಲುಭಾಗ ಇಲ್ಲಿಯೇ ಹೋಗುತ್ತಿದೆ. ಬ್ಯಾಂಕಿನಲ್ಲಿ ದುಡಿಯುವ ಬಂಡವಾಳಕ್ಕಾಗಿ ಒಂದು ಸಣ್ಣ ಸಾಲದ ಮಿತಿ ಮಾಡಿಸಿಕೊಳ್ಳಲು ಈ ಸೆಟಲ್‌ಮೆಂಟ್ ಪಟ್ಟಿಗಳನ್ನೇ ಆಧಾರವಾಗಿ ತೋರಿಸಿ ವಿಚಾರಿಸಿ.

ಪ್ರಶ್ನೆ: ಶುಲ್ಕಗಳನ್ನೆಲ್ಲ ಸೇರಿಸಿ ಬೆಲೆ ಇಡುತ್ತಿದ್ದೇನೆ. ಆದರೂ ಕೊನೆಗೆ ಕೈಕಚ್ಚುತ್ತಿದೆ. ಎಲ್ಲಿ ಎಡವುತ್ತಿದ್ದೇನೆ? ನನ್ನ ಸ್ವಂತ ತಾಣದಲ್ಲಿ ಕಡಿಮೆ ಬೆಲೆಗೆ ಮಾರಿದರೆ ತೊಂದರೆಯಾಗುತ್ತದೆಯೇ?

ಉತ್ತರ: ಹೆಚ್ಚಿನವರು ಎಡವುವ ಜಾಗ ಒಂದೇ. ಅಸಲಿನ ಮೇಲೆ ಶೇಕಡಾವಾರು ಸೇರಿಸುತ್ತಾರೆ; ತಾಣವಾದರೋ ಮಾರಾಟ ಬೆಲೆಯ ಮೇಲೆ ಶೇಕಡಾವಾರು ಮುರಿದುಕೊಳ್ಳುತ್ತದೆ. ಅಸಲು 400, ಸಾಗಣೆ ಮತ್ತು ನಿಗದಿತ ಶುಲ್ಕ 140, ನಿಮಗೆ ಬೇಕಾದ ಲಾಭ 150, ಒಟ್ಟು 690 ಎಂದುಕೊಳ್ಳಿ. ಕಮಿಷನ್, ಜಾಹೀರಾತು ಸೇರಿ ಶೇಕಡಾ 21 ಹೋಗುತ್ತದೆ. 690ಕ್ಕೆ ಅದರ ಶೇಕಡಾ 21 ಸೇರಿಸಿ 835 ಬೆಲೆ ಇಟ್ಟರೆ, ತಾಣ 835ರ ಮೇಲೆ 175 ಮುರಿದುಕೊಂಡು 660 ಕೊಡುತ್ತದೆ. ನಿಮ್ಮ ಲಾಭದಲ್ಲಿ 30 ಕಾಣೆಯಾಯಿತು. ಸರಿಯಾದ ಕ್ರಮವೆಂದರೆ 690ನ್ನು 0.79ರಿಂದ ಭಾಗಿಸುವುದು. ಆಗ ಬೆಲೆ ಸುಮಾರು 873. ಇದಕ್ಕೆ ರಿಟರ್ನ್‌ನ ಪಾಲನ್ನೂ ಸೇರಿಸಬೇಕು. ಆ ಬೆಲೆಗೆ ಕೊಳ್ಳುವವರಿಲ್ಲವೆಂದು ಕಂಡುಬಂದರೆ, ಆ ವಸ್ತು ಆ ತಾಣದಲ್ಲಿ ಗಿಟ್ಟುವುದಿಲ್ಲ ಎಂದೇ ಅರ್ಥ. ಬೆಲೆ ಇಳಿಸಿ ಹೆಚ್ಚು ಮಾರಿ ಸರಿದೂಗಿಸುತ್ತೇನೆ ಎಂಬ ಆಸೆ ಬೇಡ. ಅಗ್ಗದ ವಸ್ತುಗಳಲ್ಲಿ ನಿಗದಿತ ಶುಲ್ಕವೇ ಭಾರವಾಗುವುದರಿಂದ, ಎರಡು ಮೂರನ್ನು ಒಂದು ಕಟ್ಟಾಗಿ ಮಾರುವುದು ಒಮ್ಮೊಮ್ಮೆ ಉಳಿಸುತ್ತದೆ.

ಸ್ವಂತ ತಾಣದ ಬೆಲೆಯ ವಿಷಯದಲ್ಲಿ ಎಚ್ಚರ ಬೇಕು. ಬೇರೆಡೆ ಕಡಿಮೆ ಬೆಲೆಗೆ ಮಾರಕೂಡದೆಂಬ ಷರತ್ತು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಜರ್ಮನಿ ಮತ್ತು ಬ್ರಿಟನ್‌ನ ಸ್ಪರ್ಧಾ ಪ್ರಾಧಿಕಾರಗಳು ವಿಚಾರಣೆ ಕೈಗೊಂಡ ಮೇಲೆ ಅಮೆಜಾನ್ 2013ರಲ್ಲಿ ಯುರೋಪಿನ ಒಕ್ಕೂಟದಲ್ಲಿ ಅಂಥ ಷರತ್ತನ್ನು ಕೈಬಿಟ್ಟಿತು. ಅಮೆರಿಕದ ಸ್ಪರ್ಧಾ ಪ್ರಾಧಿಕಾರವಾದ ಫೆಡರಲ್ ಟ್ರೇಡ್ ಕಮಿಷನ್ 17 ರಾಜ್ಯಗಳೊಂದಿಗೆ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಅದೇ ಸಂಸ್ಥೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಎರಡು ಆರೋಪಗಳಿವೆ: ಬೇರೆಡೆ ಕಡಿಮೆ ಬೆಲೆ ಇಟ್ಟ ಮಾರಾಟಗಾರರನ್ನು ಸಂಸ್ಥೆ ಹಿಂದಕ್ಕೆ ತಳ್ಳುತ್ತದೆ, ಮತ್ತು ಶುಲ್ಕಗಳೆಲ್ಲ ಸೇರಿ ಹಲವರ ಆದಾಯದ ಅರ್ಧದಷ್ಟು ಅದಕ್ಕೇ ಹೋಗುತ್ತದೆ. ಸಂಸ್ಥೆ ಆರೋಪಗಳನ್ನು ನಿರಾಕರಿಸಿದೆ. ನಿಮ್ಮ ಮಟ್ಟಿಗೆ, ಒಪ್ಪಂದದಲ್ಲಿ ಬೆಲೆಯ ಷರತ್ತು ಇದೆಯೇ ಎಂದು ಮೊದಲು ಓದಿಕೊಳ್ಳಿ; ಇದ್ದರೆ, ಸ್ವಂತ ತಾಣದಲ್ಲಿ ಅದೇ ವಸ್ತುವಿನ ಬೆಲೆ ಇಳಿಸುವ ಬದಲು ಬೇರೆ ಬಣ್ಣ, ಬೇರೆ ಅಳತೆ ಅಥವಾ ಬೇರೆ ಜೋಡಣೆಯನ್ನು ಮಾರುವುದು ಸುರಕ್ಷಿತ.

ಪ್ರಶ್ನೆ: ಹೊಸ ತಾಣವೊಂದು ಕಮಿಷನ್ ಇಲ್ಲವೇ ಇಲ್ಲ ಎನ್ನುತ್ತಿದೆ. ಅಲ್ಲಿಗೆ ಹೋಗಲೇ?

ಉತ್ತರ: ಹೋಗಿ ನೋಡಿ, ಆದರೆ ಹಳೆಯದನ್ನು ಬಿಟ್ಟು ಹೋಗಬೇಡಿ. ಇಬೇ ತಾಣವನ್ನು ಪಿಯರ್ ಒಮಿಡಿಯಾರ್ 1995ರಲ್ಲಿ ಆರಂಭಿಸಿದಾಗ ಶುಲ್ಕವಿರಲಿಲ್ಲ. ಅಂತರ್ಜಾಲ ಸಂಪರ್ಕ ಕೊಡುವ ಸಂಸ್ಥೆ ತಿಂಗಳ ದರವನ್ನು ಹೆಚ್ಚಿಸಿದ ಮೇಲೆ, 1996ರಲ್ಲಿ, ಅವರು ಶುಲ್ಕ ಪಡೆಯತೊಡಗಿದರು. ಟಾವೊಬಾವೊ ಮಾರಾಟಗಾರರಿಂದ ಕಮಿಷನ್ ಪಡೆಯದೆ ಬೆಳೆದದ್ದೂ ನಿಜ. ಅದರ ಆದಾಯ ಬಂದದ್ದು ಮುಖ್ಯವಾಗಿ ಮಾರಾಟಗಾರರು ಕೊಟ್ಟ ಜಾಹೀರಾತಿನ ಹಣದಿಂದ. ಆದ್ದರಿಂದ ಹೊಸ ತಾಣದಲ್ಲಿ ಹತ್ತು ವಸ್ತು ಮಾರಿ, ಹತ್ತನೆಯದರ ಹಣ ಎಷ್ಟು ಬಂತು, ಎಂದು ಬಂತು ಎಂಬುದನ್ನು ಬರೆದುಕೊಂಡು ಹಳೆಯದರೊಂದಿಗೆ ಹೋಲಿಸಿ.

ಪ್ರಶ್ನೆ: ಒಂದೇ ವಾರದಲ್ಲಿ ಮಾರಾಟ ನಾಲ್ಕು ಪಟ್ಟಾಯಿತು. ಮರುವಾರವೇ ನನ್ನ ಖಾತೆಯ ಹಣವನ್ನೆಲ್ಲ ತಡೆಹಿಡಿದಿದ್ದಾರೆ. ಕಾರಣ ಕೇಳಿದರೆ ಒಂದೇ ಸಿದ್ಧ ಉತ್ತರ ಮತ್ತೆ ಮತ್ತೆ ಬರುತ್ತದೆ. ನನ್ನನ್ನು ತಪ್ಪು ಮಾಡಿದವನಂತೆ ಕಾಣುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ನೀವು ತಪ್ಪು ಮಾಡಿದ್ದೀರಿ ಎಂದು ಯಾವ ಮನುಷ್ಯನೂ ತೀರ್ಮಾನಿಸಿರಲಿಕ್ಕಿಲ್ಲ. ಹಠಾತ್ತನೆ ಏರಿದ ಮಾರಾಟ, ಜಾಡು ಹಿಡಿಯುವ ಸಂಖ್ಯೆಯಿಲ್ಲದ ಪಾರ್ಸೆಲ್ಲುಗಳು, ಬ್ಯಾಂಕ್ ಖಾತೆಯ ಹೆಸರಿಗೂ ನೋಂದಣಿಯ ಹೆಸರಿಗೂ ಇರುವ ಅಕ್ಷರದ ವ್ಯತ್ಯಾಸ, ಇವನ್ನು ಗಣಕವೇ ಅಪಾಯವೆಂದು ಗುರುತಿಸಿ ಹಣ ನಿಲ್ಲಿಸುತ್ತದೆ. ಸರಕು ಕೊಡದೆ ಹಣ ಎತ್ತಿಕೊಂಡು ಓಡುವವರ ಖಾತೆಗಳಲ್ಲಿಯೂ ಕೊನೆಯ ವಾರ ಮಾರಾಟ ಹೀಗೆಯೇ ಏರುವುದರಿಂದ ಪ್ರಾಮಾಣಿಕರೂ ಸಿಕ್ಕಿಬೀಳುತ್ತಾರೆ. 2023ರಲ್ಲಿ ಎಟ್ಸಿಯ ಅನೇಕ ಮಾರಾಟಗಾರರು, ವಿಶೇಷವಾಗಿ ಬ್ರಿಟನ್‌ನಲ್ಲಿ, ತಮ್ಮ ಗಳಿಕೆಯ ಶೇಕಡಾ 75ರಷ್ಟನ್ನು ವಾರಗಟ್ಟಲೆ ಮೀಸಲಾಗಿ ತಡೆಹಿಡಿಯಲಾಗಿದೆ ಎಂದು ಬಹಿರಂಗವಾಗಿ ದೂರಿದರು. ದೂರು ಒಟ್ಟಾಗಿ ಕೇಳಿಬಂದ ಮೇಲೆ ಸಂಸ್ಥೆ ಆ ನಿಯಮವನ್ನು ಸಡಿಲಿಸಿತು. ಪಾವತಿ ಸಂಸ್ಥೆಯಾದ ಪೇಪಾಲ್ ಸಾಮಾನ್ಯ ತಡೆಗೆ 21 ದಿನಗಳವರೆಗೆ, ಖಾತೆಯನ್ನೇ ನಿರ್ಬಂಧಿಸಿದಾಗ 180 ದಿನಗಳವರೆಗೆ ಹಣ ಹಿಡಿದಿಡುವ ನಿಯಮ ಹೊಂದಿದೆ. ನಿಮ್ಮ ತಾಣದ ಒಪ್ಪಂದದಲ್ಲಿಯೂ ಇಂಥದೊಂದು ದಿನದ ಸಂಖ್ಯೆ ಇರುತ್ತದೆ. ಅದನ್ನು ಹುಡುಕಿ.

ಆಮೇಲೆ ಒಂದೇ ಒಂದು ಪತ್ರ ಬರೆಯಿರಿ. ಹಣ ಏಕೆ ಬಂದಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರವೇ ಬರುತ್ತದೆ. ಅದರ ಬದಲು ತಡೆಹಿಡಿದ ಮೊತ್ತ ಎಷ್ಟು, ಒಪ್ಪಂದದ ಯಾವ ಕಲಮಿನ ಪ್ರಕಾರ ತಡೆಹಿಡಿದಿದ್ದೀರಿ, ಬಿಡುಗಡೆಯ ದಿನಾಂಕ ಯಾವುದು, ಅದಕ್ಕೆ ನನ್ನಿಂದ ಯಾವ ದಾಖಲೆ ಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ. ಕಳುಹಿಸಿದ ಪ್ರತಿ ಆರ್ಡರಿನ ವಿತರಣೆಯ ದಾಖಲೆ ಮತ್ತು ಸಾಮಗ್ರಿ ಕೊಂಡ ಬಿಲ್ಲುಗಳನ್ನು ಜೊತೆಗೆ ಲಗತ್ತಿಸಿ. ದಿನಕ್ಕೆ ಮೂರು ಬಾರಿ ಹೊಸ ದೂರು ದಾಖಲಿಸಿದರೆ ಹಳೆಯ ದೂರುಗಳು ಮುಚ್ಚಿಹೋಗುವುದುಂಟು. ಒಂದೇ ದೂರಿನ ಸಂಖ್ಯೆಯನ್ನು ಹಿಡಿದು ಮುಂದುವರಿಸಿ. ಮನೆಯವರ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯಬೇಡಿ. ಅದರಿಂದ ಎರಡೂ ಖಾತೆಗಳು ಶಾಶ್ವತವಾಗಿ ಮುಚ್ಚಬಹುದು.

ಯುರೋಪಿನ ಒಕ್ಕೂಟದಲ್ಲಿ ಮಾರಾಟಗಾರರಿಗೆ ಕಾನೂನಿನ ಆಸರೆ ಇದೆ. 2020ರ ಜುಲೈ 12ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಷರತ್ತುಗಳನ್ನು ಬದಲಿಸುವ ಮುನ್ನ ತಾಣಗಳು ಕನಿಷ್ಠ 15 ದಿನಗಳ ಸೂಚನೆ ಕೊಡಬೇಕು, ಖಾತೆಯನ್ನು ನಿರ್ಬಂಧಿಸಿದರೆ ಕಾರಣ ತಿಳಿಸಬೇಕು, ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮೊದಲು ಹೇಳಬೇಕು. ಇಷ್ಟು ಕನಿಷ್ಠ ಮರ್ಯಾದೆ ಎಲ್ಲ ಕಡೆಯ ಮಾರಾಟಗಾರರಿಗೂ ಸಲ್ಲಬೇಕೆಂದು ನಾನು ಬಯಸುತ್ತೇನೆ. ಕಾನೂನು ಅಷ್ಟು ಸ್ಪಷ್ಟವಿಲ್ಲದ ಕಡೆ, ಒಪ್ಪಂದದಲ್ಲಿ ಹೇಳಿದ ದಿನ ಮೀರಿದ ಕೂಡಲೇ ವಕೀಲರ ಮೂಲಕ ನೋಟಿಸ್ ಕಳುಹಿಸುವುದು, ಇಲ್ಲವೇ ಒಪ್ಪಂದದಲ್ಲಿ ಹೇಳಿರುವ ಮಧ್ಯಸ್ಥಿಕೆಯ ದಾರಿ ಹಿಡಿಯುವುದು ಉಳಿದ ಮಾರ್ಗ.

ಒಂದು ಕೆಲಸವನ್ನು ಮಾತ್ರ ಈ ದಿನವೇ ಮಾಡಿ. ಖಾತೆ ಇನ್ನೂ ತೆರೆದುಕೊಳ್ಳುತ್ತಿದ್ದರೆ ಎಲ್ಲ ತಿಂಗಳುಗಳ ಸೆಟಲ್‌ಮೆಂಟ್ ಪಟ್ಟಿ, ಆರ್ಡರ್ ಪಟ್ಟಿ ಮತ್ತು ಅವರೊಂದಿಗೆ ನಡೆದ ಪತ್ರವ್ಯವಹಾರವನ್ನು ಇಳಿಸಿಕೊಂಡು ಬೇರೆ ಕಡೆ ಇಟ್ಟುಕೊಳ್ಳಿ. ಖಾತೆ ಮುಚ್ಚಿಹೋದರೆ ಅವು ಸಿಗುವುದಿಲ್ಲ, ಮತ್ತು ನಿಮಗೆ ಬರಬೇಕಾದ ಹಣ ಇಷ್ಟೆಂದು ತೋರಿಸಲು ಬೇರೆ ಕಾಗದವೂ ಇರುವುದಿಲ್ಲ.